ಕಾಕಾನಿಗೆ ಓದಿ ಹೇಳಿದ ಕಂಪ್ಯೂಟರ್ ಪುಸ್ತಕ

ಕಂಪ್ಯೂಟರ್ ಪುಸ್ತಕಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಕಾದಂಬರಿ, ಪತ್ರಿಕೆ, ಮದುವೆಯ ಕರೆಯೋಲೆ ಇವನ್ನೆಲ್ಲ ಎಲ್ಲರಂತೆ ಮನಸ್ಸಿನಲ್ಲೇ ಓದಿಕೊಳ್ಳಬಲ್ಲೆ. ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಪುಸ್ತಕ ಕೈಗೆ ಬಂತೆಂದರೆ ಮಾತ್ರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಅಡುಗೆಮನೆಯಿಂದ ಹೆಂಡತಿ, "ಯಾರ ಜೋಡಿ ಮಾತಾಡಾಕತ್ತೀರಿ?" ಎನ್ನುತ್ತಾಳೆ. ಪುಸ್ತಕ ಓದುತ್ತಿದ್ದೇನೆ ಎಂದರೆ, "ಮತ್ತ ಅದಕ್ಯಾಕ ಬೈತೀರಿ?" ಎಂದು ಕೇಳುತ್ತಾಳೆ. ಬೈಯುವುದೂ ನಿಜವೇ. ಪುಸ್ತಕ ತಿರುಗಿ ಬೈಯುವುದಿಲ್ಲವಾದ್ದರಿಂದ ಈ ಅಭ್ಯಾಸ ಇಷ್ಟು ವರ್ಷ ಉಳಿದುಕೊಂಡು ಬಂದಿದೆ.

ಹುಬ್ಬಳ್ಳಿ ಸುತ್ತಮುತ್ತಲಿನ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನುಗಳಿಗೆ, ಸೊಸೈಟಿಗಳಿಗೆ, ಒಂದೆರಡು ಶಾಲೆಗಳಿಗೆ ಪ್ರೋಗ್ರಾಮ್ ಬರೆದುಕೊಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಈ ಉದ್ಯೋಗದಲ್ಲಿ ಓದು ಮುಗಿಯುವುದೆಂಬುದಿಲ್ಲ. ಹೋದ ವರ್ಷ ಕಲಿತದ್ದು ಈ ವರ್ಷ ಹಳಸಿರುತ್ತದೆ. ಹೀಗಾಗಿ ಕಪಾಟು ಬಾಗುವಷ್ಟು ಪುಸ್ತಕಗಳು ಸೇರಿವೆ, ಅವುಗಳ ಬಗ್ಗೆ ಯಾರೂ ಕೇಳದ ಅಭಿಪ್ರಾಯಗಳೂ ಬೇಕಾದಷ್ಟು ಸೇರಿವೆ. ದಪ್ಪ ಪುಸ್ತಕದ ಮೇಲೆ ನನಗೆ ನಂಬಿಕೆಯಿಲ್ಲ. ಏನನ್ನು ಬಿಡಬೇಕೆಂದು ಬರೆದವನಿಗೆ ತಿಳಿಯದಿದ್ದಾಗ ಪುಸ್ತಕ ದಪ್ಪವಾಗುತ್ತದೆ. ತೆಳ್ಳಗಿನದರ ಮೇಲೂ ಅಷ್ಟಕ್ಕಷ್ಟೇ. ಮುನ್ನುಡಿಯಲ್ಲಿ ತನ್ನ ನಾಯಿಗೆ ಕೃತಜ್ಞತೆ ಹೇಳಿದವನ ಪುಸ್ತಕ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಯಾಕೋ ಗೊತ್ತಿಲ್ಲ. "ಇದು ಬಹಳ ಸುಲಭ" ಎಂಬ ವಾಕ್ಯದ ಮುಂದಿನ ಪುಟ ನನಗೆ ಇದುವರೆಗೆ ಒಂದೇ ಸಲಕ್ಕೆ ಅರ್ಥವಾದದ್ದಿಲ್ಲ. ಇನ್ನು ಕೆಲಸದಲ್ಲಿ ಮೇಲೆ ಬರುವುದು ಹೇಗೆಂದು ಉಪದೇಶ ಮಾಡುವ ಪುಸ್ತಕಗಳಿವೆಯಲ್ಲ, ಅವುಗಳ ವಿಷಯ ಆಮೇಲೆ ಹೇಳುತ್ತೇನೆ. ಈಗಲೇ ಶುರು ಮಾಡಿದರೆ ಬಿ.ಪಿ. ಏರುತ್ತದೆ.

ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ನನ್ನ ಹತ್ತಿರ ಇರುವುದು ಒಂದೇ ಜರಡಿ. ಕಣ್ಣು ಕಾಣದ ಮನುಷ್ಯನ ಎದುರು ಕೂತು ಓದಿದರೆ ಅದು ಅವನಿಗೆ ತಿಳಿಯಬೇಕು. "ಮೇಲಿನ ಚಿತ್ರದಿಂದ ಸ್ಪಷ್ಟವಾಗುವಂತೆ" ಎಂದು ಬರೆಯುವವರಿಗೇ ನನ್ನ ಬೈಗುಳವೆಲ್ಲ ಮೀಸಲು. ಯಾರಿಗೆ ಸ್ಪಷ್ಟ? ಚಿತ್ರ ತೆಗೆದುಬಿಟ್ಟರೆ ನಿನ್ನ ಹತ್ತಿರ ಹೇಳಲು ಏನು ಉಳಿಯುತ್ತದೆ, ಅದನ್ನು ಹೇಳು! ಈ ಜರಡಿ ನನ್ನದಲ್ಲ, ಯರಗುಪ್ಪಿಯ ನಮ್ಮ ಕಾಕಾನದು.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಚನ್ನಬಸಪ್ಪ. ಕುಂದಗೋಳದ ಒಂದು ಹತ್ತಿ ಜಿನ್ನಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ. ಎಂಬತ್ತರ ದಶಕದ ಕೊನೆಯ ವರ್ಷಗಳವು. ಬಿ.ಎಸ್ಸಿ. ಮುಗಿಸಿ ಎಲ್ಲೂ ಕೆಲಸ ಸಿಗದೆ ಕೂತಿದ್ದ ನನ್ನನ್ನು ಅವನೇ ಅದೇ ಜಿನ್ನಿಗೆ ಸೇರಿಸಿದ್ದ. ನಾನು ಅವನ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಸಂಜೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ಹಂಗಾಮಿನ ದಿನಗಳಲ್ಲಿ ನಮ್ಮ ಹುಬ್ಬು, ಮೂಗು, ಕಿವಿಯೊಳಗೆಲ್ಲ ಹತ್ತಿಯ ಎಳೆ. ಕಾಕಾನ ಹೆಂಡತಿ, ನನಗೆ ಚಿಗವ್ವ, ಇಬ್ಬರನ್ನೂ ಕಟ್ಟೆಯ ಮೇಲೆ ನಿಲ್ಲಿಸಿ ಟವೆಲ್ಲಿನಿಂದ ಝಾಡಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಹೊಡೆತ ಸ್ವಲ್ಪ ಜೋರಾಗಿಯೇ ಇರುತ್ತಿತ್ತು. ಕಾಕಾ ಮೇಲಿನ ಸಿಟ್ಟನ್ನೂ ಅದರಲ್ಲೇ ತೀರಿಸಿಕೊಳ್ಳುತ್ತಿದ್ದಳೆಂದು ನನ್ನ ಗುಮಾನಿ.

ಒಂದು ದಿನ ಜಿನ್ನಿನ ಸಾವಕಾರರು, "ಬರೂ ಹಂಗಾಮಿಗೆ ನಾವೂ ಒಂದ ಕಂಪ್ಯೂಟರ್ ತರಸೂಣು" ಎಂದರು. ಹಾಗೆಂದರೆ ಎಷ್ಟು ದೊಡ್ಡದಿರುತ್ತದೆ, ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಇಡುವ ಕೋಣೆ ಸಾಲುತ್ತದೋ ಇಲ್ಲವೋ ಎಂದು ಉಳಿದವರು ಚರ್ಚೆ ಮಾಡುತ್ತಿರುವಾಗ ಕಾಕಾ ಹುಬ್ಬಳ್ಳಿಗೆ ಹೋಗಿ, ರಸ್ತೆ ಬದಿಯ ಹಳೆ ಪುಸ್ತಕದವನ ಹತ್ತಿರ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಇಂಗ್ಲಿಷ್ ಪುಸ್ತಕ ತಂದ. ಅದಕ್ಕೆ ರಟ್ಟು ಇರಲಿಲ್ಲ. ಒಂದನೇ ಅಧ್ಯಾಯವೂ ಇರಲಿಲ್ಲ. ಕಂಪ್ಯೂಟರ್ ಎಂದರೆ ಏನು ಎಂಬುದು ಅದರಲ್ಲಿತ್ತೆಂದು ಎರಡನೇ ಅಧ್ಯಾಯದ ಮೊದಲ ಸಾಲಿನಿಂದ ತಿಳಿಯಿತು. ಹೀಗಾಗಿ ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿಲ್ಲದೆಯೇ ನಾವು ಅದಕ್ಕೆ ಪ್ರೋಗ್ರಾಮ್ ಬರೆಯಲು ಕಲಿತೆವು. ಅದರಿಂದ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ. ಇವತ್ತಿಗೂ ಯಾವ ಪುಸ್ತಕ ತಂದರೂ ಒಂದನೇ ಅಧ್ಯಾಯ ಬಿಟ್ಟೇ ಓದುತ್ತೇನೆ.

ತಂದ ದಿನವೇ ಕಾಕಾ ಅದನ್ನು ನನ್ನ ಕೈಗೆ ಕೊಟ್ಟ. "ನೀ ಓದಲೇ ಗುರ್ಯಾ. ನನಗ ಸಾಲು ತಪ್ಪತಾವು."

ಶ್ರಾವಣದಲ್ಲಿ ಊರ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುವುದು. ಒಮ್ಮೆ ಹಚ್ಚಿದ ಪುರಾಣವನ್ನು ನಡುವೆ ಬಿಡುವಂತಿಲ್ಲ, ಕೊನೆಗೆ ಆರತಿ ಬೆಳಗಿ ಮಂಗಲ ಆಗಲೇಬೇಕು. ಬಹಳ ವರ್ಷ ಕಾಕಾನೇ ಓದುವವನಾಗಿದ್ದ. ಆ ವರ್ಷ ಮಾತ್ರ "ಓದೂದ ಬ್ಯಾರೆಯವ್ರ ಮಾಡ್ಲಿ, ನಾ ಅರ್ಥ ಹೇಳತೇನಿ" ಎಂದು ಆಚೆ ಕೂತಿದ್ದ. ನಮ್ಮ ಬೇಸಿಕ್ ಪುಸ್ತಕವನ್ನೂ ಅದೇ ರೀತಿಯಲ್ಲಿ ಹಚ್ಚಿದೆವು. ಭಾನುವಾರ ಊಟವಾದ ಮೇಲೆ ಪಡಸಾಲೆಯಲ್ಲಿ ನಾನು ಒಂದು ಇಂಗ್ಲಿಷ್ ವಾಕ್ಯ ಓದಿ ನಿಲ್ಲಿಸುವುದು, ಕಾಕಾ ಕಣ್ಣು ಮುಚ್ಚಿ ಅದರ ಅರ್ಥ ಹೇಳುವುದು. ಚಿಗವ್ವ ಬತ್ತಿ ಹೊಸೆಯುತ್ತ ಕೇಳುವುದು. ಪ್ರೋಗ್ರಾಮಿನ ಕೊನೆಗೆ "ಎಂಡ್" ಎಂದು ಬರುತ್ತಿತ್ತು. ಅದಕ್ಕೆ ಕಾಕಾ "ಮುಗೀತು" ಎಂದು ಅರ್ಥ ಹೇಳಿದ ಕೂಡಲೇ ಅವಳು ಏಳುವಳು.

"ಎಲ್ಲಿಗೆ ಹೊಂಟಿ?" ಎಂದು ಕಾಕಾ ಕೇಳಿದರೆ, "ಮುಗೀತು ಅಂದ್ರೆಲ್ಲರಿ, ಕರ್ಪೂರ ತರತೇನಿ" ಎನ್ನುವಳು.

"ಅದು ಪ್ರೋಗ್ರಾಮ್ ಮುಗದದ್ದು. ಪುಸ್ತಕ ಮುಗದಿಲ್ಲಬೇ."

"ಯಾವದರ ಮುಗೀಲಿ, ಆರತಿ ಮಾಡಿದ್ರ ಏನ ಹೊಕ್ಕೈತಿ?" ಎಂದು ಕರ್ಪೂರ ಹಚ್ಚಿ ಪುಸ್ತಕಕ್ಕೆ ಬೆಳಗಿ, ತಟ್ಟೆ ತಂದು ನಮ್ಮ ಮುಂದೆ ಹಿಡಿಯುವಳು. ನಾವಿಬ್ಬರೂ ಆರತಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಪ್ರಪಂಚದಲ್ಲಿ ಇನ್ನಾರೂ ಬೇಸಿಕ್ ಅನ್ನು ಹೀಗೆ ಕಲಿತಿರಲಾರರು.

"ಲೆಟ್ ಎ ಈಕ್ವಲ್ ಟು ಎ ಪ್ಲಸ್ ಒನ್" ಎಂಬ ಸಾಲು ಬಂದ ದಿನ ಕಾಕಾ ಕೈ ಎತ್ತಿ ನನ್ನನ್ನು ನಿಲ್ಲಿಸಿದ.

"ತಡಿ. ಇದು ಸುಳ್ಳ ಐತಿ."

"ಪುಸ್ತಕದಾಗ ಹಂಗ ಬರದಾರ ಕಾಕಾ."

"ಬರದ್ರ ಆತೇನು? ಐದು ಅಂದ್ರ ಆರು ಅಂತ ಯಾವ ಸಾಲ್ಯಾಗ ಕಲಸ್ಯಾರ?"

ಆ ದಿನದ ಪುರಾಣ ಅಲ್ಲಿಗೇ ನಿಂತಿತು. ಮರುವಾರ ಕಾಕಾ ತಾನೇ ಒಂದು ದಾರಿ ಹುಡುಕಿಕೊಂಡು ಬಂದಿದ್ದ. ಅಡುಗೆಮನೆಯಿಂದ ಮೂರು ವಾಟಗ, ಎಂದರೆ ಸಣ್ಣ ಬಟ್ಟಲು, ತರಿಸಿ ಮುಂದೆ ಸಾಲಾಗಿ ಇಟ್ಟುಕೊಂಡ. ಒಂದು ಎ, ಒಂದು ಬಿ, ಒಂದು ಸಿ. ಎಮ್ಮೆಗೆ ಹಾಕುವ ಹತ್ತಿಕಾಳನ್ನು ಒಂದು ಮೊರದಲ್ಲಿ ತರಿಸಿದ. "ಎ ಅಂದ್ರ ಅಂಕಿ ಅಲ್ಲಲೇ, ವಾಟಗಾ. ಇದ್ದದ್ದಕ್ಕ ಇನ್ನೊಂದ ಕಾಳ ಹಾಕು ಅಂತ ಹೇಳಾಕತ್ತಾರ" ಎಂದ. ಅಂದಿನಿಂದ ನಾನು ಸಾಲು ಓದಿದಂತೆ ಅವನು ಕಾಳು ಹಾಕುವುದು, ತೆಗೆಯುವುದು. ವಾಟಗದೊಳಗೆ ಅವನು ಬಗ್ಗಿ ನೋಡುತ್ತಲೇ ಇರಲಿಲ್ಲ, ಬೆರಳಿನಿಂದಲೇ ಎಣಿಸುತ್ತಿದ್ದ. ಎಷ್ಟು ಚೆಂದ ಎಣಿಸುತ್ತಾನೆ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ.

ಈಗ ಕಣ್ಣಿನ ವಿಷಯ. ಅದನ್ನು ಎಷ್ಟು ಮುಂದೂಡಿದರೂ ಹೇಳಲೇಬೇಕು.

ಕಾಕಾ ಆಗಲೇ ಹೊಸ್ತಿಲು ಎಡವುತ್ತಿದ್ದ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಬಾಜೂ ಕೂತ ನನ್ನನ್ನು ಬಿಟ್ಟು "ಗುರ್ಯಾ ಹತ್ತಿದನಿಲ್ಲೋ" ಎಂದು ಕಂಡಕ್ಟರನನ್ನು ಕೇಳಿದ್ದ. ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತವೆ ಎನ್ನುತ್ತಿದ್ದ. ಮನೆಯವರು, ಓಣಿಯವರು, ಜಿನ್ನಿನವರು ಎಲ್ಲ ಸೇರಿ ಅದಕ್ಕೊಂದು ಹೆಸರು ಕೊಟ್ಟರು: ಮೋತಿಬಿಂದು. ಆ ವಯಸ್ಸಿಗೆ ಬರುವಂಥದ್ದೇ, ಕಣ್ಣಿನಲ್ಲಿ ಮುತ್ತಿನಂತೆ ಪೊರೆ ಬೆಳೆಯುವುದು. ಚಿಗವ್ವನ ಅವ್ವನಿಗೂ ಬಂದಿತ್ತು. ಮೋತಿಬಿಂದು ಪೂರಾ ಹಣ್ಣಾಗುವವರೆಗೆ ಕಾಯಬೇಕು, ಕಾಯಿ ಇದ್ದಾಗ ಆಪರೇಶನ್ ಮಾಡಿಸಬಾರದು ಎಂಬುದು ಆಗ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು. ಅವಳ ಅವ್ವ ಹಾಗೆಯೇ ಕಾದು, ಆಪರೇಶನ್ ಮಾಡಿಸಿಕೊಂಡು, ಸಾಯುವವರೆಗೆ ಅಕ್ಕಿಯಲ್ಲಿನ ಹರಳು ಆರಿಸಿದ್ದಳು. ಹಾಗಾಗಿ ನಾವೂ ಕಾದೆವು. ದಾರಿಯಲ್ಲಿ ಸಿಕ್ಕವರು, "ಏನ್ರಿ ಚನ್ನಬಸಪ್ಪ, ಹಣ್ಣಾತೇನ್ರಿ?" ಎಂದು ಮಾವಿನಹಣ್ಣಿನ ಸುದ್ದಿ ಕೇಳಿದಂತೆ ಕೇಳುತ್ತಿದ್ದರು. ಕಾಕಾ, "ಇನ್ನೂ ದ್ವಾರಗಾಯಿ ಐತ್ರಿ, ಪೂರಾ ಹಣ್ಣಾಗಿಲ್ಲ" ಎಂದು ನಗುತ್ತಿದ್ದ.

ತಪ್ಪು ಹುಡುಕುವುದು ಹೇಗೆ ಎಂದು ಪ್ರತಿ ಪ್ರೋಗ್ರಾಮ್ ಪುಸ್ತಕದಲ್ಲೂ ಒಂದು ಅಧ್ಯಾಯವಿರುತ್ತದೆ. ತೊಂದರೆ ಅನುಭವಿಸುವವನು ಏನು ಹೇಳುತ್ತಾನೋ ಅದನ್ನು ಹೇಳಿದ ಹಾಗೆಯೇ ಕೇಳಿಸಿಕೊಳ್ಳಿ, ನಿಮ್ಮ ಊಹೆ ಬೆರೆಸಬೇಡಿ ಎಂದು ಒಳ್ಳೆಯ ಪುಸ್ತಕಗಳೆಲ್ಲ ಹೇಳುತ್ತವೆ. ಅಷ್ಟು ಓದಿ ನಾನು ಪುಸ್ತಕ ಮುಚ್ಚಿಡುತ್ತೇನೆ. ಯಾಕೆಂದರೆ ಕಾಕಾ ಸರಿಯಾಗಿಯೇ ಹೇಳಿದ್ದ. ಒಂದು ಭಾನುವಾರ ವಾಟಗ ಬದಿಗೆ ಸರಿಸಿ, "ಮಂಜ ಏನಿಲ್ಲಲೇ. ನಟ್ಟನಡುವ ಚೊಲೋ ಕಾಣತೈತಿ. ಅಂಚ ಇಲ್ಲ. ಕೊಳವ್ಯಾಗಿಂದ ನೋಡಿದಂಗ ಆಗತೈತಿ" ಎಂದ.

"ಮೋತಿಬಿಂದು ಅಂದ್ರ ಹಂಗರಿ. ಹಣ್ಣಾಗೂಮಟಾ ಏನೇನೋ ಅನಸತೈತಿ" ಎಂದಳು ಚಿಗವ್ವ.

ಅವಳ ಅವ್ವನಿಗೆ ಮಂಜು ಕವಿದಿತ್ತು. ಕಾಕಾನಿಗೆ ಮಂಜಿರಲಿಲ್ಲ. ಆದರೆ ಹೆಸರು ಆಗಲೇ ಇಟ್ಟಾಗಿತ್ತು, ಹೆಸರಿಟ್ಟ ಮೇಲೆ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ವಸ್ತುಗಳಿಗೆ ಸರಿಯಾದ ಹೆಸರಿಡಿ ಎಂದು ಪುಸ್ತಕದವರು ಪುಟಗಟ್ಟಲೆ ಬರೆಯುತ್ತಾರೆ. ತಪ್ಪು ಹೆಸರಿಟ್ಟರೆ ಓದುವವರಿಗೆ ಗೊಂದಲವಾಗುತ್ತದೆ ಎನ್ನುತ್ತಾರೆ. ಗೊಂದಲವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ನಮಗೆ ಒಂದಿಷ್ಟೂ ಗೊಂದಲವಾಗಲಿಲ್ಲ.

ಹೀಗೆ ಕಾಯುತ್ತಿರುವಾಗಲೇ ಪುಸ್ತಕದಲ್ಲಿ ಒಂದು ವಿಚಿತ್ರ ಪ್ರೋಗ್ರಾಮ್ ಬಂತು. ಒಂದರಿಂದ ದೊಡ್ಡದೊಂದು ಅಂಕಿಯವರೆಗೆ ಎಣಿಸು ಎಂದು ಒಂದು ಸಾಲು, ಮುಂದಿನದಕ್ಕೆ ಹೋಗು ಎಂದು ಇನ್ನೊಂದು ಸಾಲು, ಅಷ್ಟರಲ್ಲೇ ಸುತ್ತುತ್ತಿರುವುದು. ನಡುವೆ ಏನೂ ಇಲ್ಲ.

"ಸುತ್ತಿನೊಳಗ ಏನ ಐತಿ?" ಎಂದ ಕಾಕಾ.

"ಏನೂ ಇಲ್ಲ ಕಾಕಾ. ಸ್ವಲ್ಪ ಹೊತ್ತು ಸುಮ್ನ ಕಾಯಲಿ ಅಂತ ಹಿಂಗ ಬರೀತಾರಂತ."

"ಸುಮ್ನ ಕಾಯೂದಕ್ಕ ಎಣಕಿ ಯಾಕ ಬೇಕಲೇ?"

"ಎಣಸಲಿಲ್ಲಂದ್ರ ಅದಕ್ಕ ಕಾಯಾಕ ಬರೂದಿಲ್ಲ."

"ಎಣಿಸಿ ಮುಗದ ಮ್ಯಾಲೆ ಏನ ಬರತೈತಿ?"

"ಏನೂ ಬರೂದಿಲ್ಲ."

ಬತ್ತಿ ಹೊಸೆಯುತ್ತಿದ್ದ ಚಿಗವ್ವ ತಲೆ ಎತ್ತದೆಯೇ, "ನಾವೂ ಅದನ್ನ ಮಾಡಾಕತ್ತೇವಲ್ರಿ" ಎಂದಳು. ಕಾಕಾ ತೊಡೆ ತಟ್ಟಿಕೊಂಡು ನಕ್ಕ. ಆ ಪುಸ್ತಕದಲ್ಲೆಲ್ಲ ಅವನಿಗೆ ಬಹಳ ಹಿಡಿಸಿದ್ದು ಆ ಖಾಲಿ ಸುತ್ತು. ಮಷೀನು ಬಂದ ದಿನ ಮೊದಲು ಇದನ್ನೇ ಹಾಕಿ ನೋಡೋಣ, ಅದಕ್ಕೆ ಎಷ್ಟು ತಾಳ್ಮೆ ಇದೆ ತಿಳಿಯುತ್ತದೆ ಎಂದ.

ಮೇಲೆ ಬರುವ ಪುಸ್ತಕಗಳ ಮಾತು ಬಾಕಿ ಇದೆ. ಅಂಥದ್ದೊಂದನ್ನೂ ಕಾಕಾ ಹುಬ್ಬಳ್ಳಿಯಿಂದ ತಂದಿದ್ದ. ಆಫೀಸಿನಲ್ಲಿ ಯಶಸ್ಸು ಪಡೆಯುವುದು ಹೇಗೆ ಎಂಬ ವಿಷಯ. ಇಂಥ ಪುಸ್ತಕಗಳನ್ನು ಬರೆಯುವವರು ಎಂದಾದರೂ ಆಫೀಸಿನಲ್ಲಿ ಕೆಲಸ ಮಾಡಿದ್ದಾರೆಯೇ ಎಂದು ನನಗೆ ಅನುಮಾನ. ಬೇಗ ಏಳಿ, ಬೂಟು ಹೊಳೆಯಲಿ, ಮೇಲಧಿಕಾರಿಯ ಹೆಸರು ಹಿಡಿದು ವಿಶ್ವಾಸದಿಂದ ಮಾತನಾಡಿಸಿ ಎಂದು ಅದರಲ್ಲಿತ್ತು. ನಮ್ಮ ಸಾವಕಾರರನ್ನು ಹೆಸರು ಹಿಡಿದು ಕರೆದಿದ್ದರೆ ಯಶಸ್ಸು ಅಂದೇ ಗೇಟಿನ ಹೊರಗೆ ಸಿಗುತ್ತಿತ್ತು. ನಾವಿಬ್ಬರೂ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಬೇಸಿಗೆಯ ಹೊತ್ತಿಗೆ ಒಂದು ದಿನ, "ಎದುರಿಗಿರುವವರ ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡಿ" ಎಂಬ ಪಾಠ ಬಂತು. ಕಾಕಾ ಬೆನ್ನು ನೆಟ್ಟಗೆ ಮಾಡಿ ಕೂತು ನನ್ನತ್ತ ತಿರುಗಿದ.

"ಹಿಂಗ?" ಎಂದ.

ಅವನು ನೋಡುತ್ತಿದ್ದದ್ದು ನನ್ನ ಕಿವಿಯ ಆಚೆ.

"ಸರಿ ಐತೇನಲೇ?" ಎಂದು ಮತ್ತೆ ಕೇಳಿದ.

"ಐತಿ ಕಾಕಾ" ಎಂದೆ. ಚಿಗವ್ವನ ಕೈಯಲ್ಲಿನ ಬತ್ತಿ ಅಲ್ಲೇ ನಿಂತಿತು. ಆ ಜಾತಿಯ ಪುಸ್ತಕವನ್ನು ಅಂದಿನಿಂದ ನಾನು ಮುಟ್ಟಿಲ್ಲ. ಯಾರಾದರೂ ಉಡುಗೊರೆ ಕೊಟ್ಟರೆ ಬಾಗಿಲಲ್ಲೇ ಇನ್ನೊಬ್ಬರಿಗೆ ದಾಟಿಸುತ್ತೇನೆ.

ಅದೇ ತಿಂಗಳು ಕುಂದಗೋಳದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯಿತು. ಹಣ್ಣಾಗಿರಬೇಕು ಎಂದು ಎಲ್ಲರಿಗೂ ಅನ್ನಿಸಿತ್ತು. ಚಿಗವ್ವ ಆಪರೇಶನ್‌ಗೆ ಬೇಕಾದೀತೆಂದು ಹೊದಿಕೆ, ತಂಬಿಗೆ, ರೊಟ್ಟಿ ಗಂಟು ಎಲ್ಲ ಕಟ್ಟಿಕೊಂಡೇ ಬಂದಿದ್ದಳು. ಡಾಕ್ಟರು ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಬ್ಯಾಟರಿ ಬಿಟ್ಟು ನೋಡಿದರು. ರೆಪ್ಪೆಯ ಮೇಲಿನಿಂದ ಎರಡು ಬೆರಳಿನಲ್ಲಿ ಗುಡ್ಡೆಯನ್ನು ಮೆಲ್ಲಗೆ ಒತ್ತಿದರು. ಇನ್ನೊಂದು ಕಣ್ಣನ್ನೂ ಒತ್ತಿದರು. ಬ್ಯಾಟರಿ ಆರಿಸಿದರು.

"ಇದು ಮೋತಿಬಿಂದು ಅಲ್ರಿ. ಕಾಚಬಿಂದು" ಎಂದರು.

"ಯಾವ ಬಿಂದು ಆಗ್ಲಿರಿ ಸಾಹೇಬ್ರ, ಹಣ್ಣಾಗೇತಿಲ್ರಿ?" ಎಂದು ಕೇಳಿದಳು ಚಿಗವ್ವ.

ಡಾಕ್ಟರು ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತರು. "ಇದು ಹಣ್ಣಾಗೂದಲ್ಲವ್ವಾ. ಮೋತಿಬಿಂದು ಇದ್ದಿದ್ರ ಪೊರಿ ತಗದು ಕಣ್ಣ ಕೊಡತಿದ್ವಿ. ಇದರಾಗ ಕಣ್ಣಾಗಿನ ಒತ್ತಡ ಏರಿ ಒಳಗಿನ ನರ ಸಾಯತೈತಿ. ಹೋದದ್ದು ತಿರುಗಿ ಬರೂದಿಲ್ಲ. ಮೊದಲ ಬಂದಿದ್ರ ಇದ್ದಷ್ಟನ್ನರ ಉಳಸತಿದ್ವಿ."

"ಹಣ್ಣಾಗ್ಲಿ ಅಂತ ಕಾದಿವಿರಿ" ಎಂದಳು ಅವಳು. ಇನ್ನೊಮ್ಮೆ ಅದನ್ನೇ ಹೇಳಿದಳು. ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಮೋತಿಬಿಂದುವಿನವರೇ. ಹಣ್ಣಾಗಿಸಿಕೊಂಡು ಬಂದವರು, ಸಂಜೆಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸಂತೋಷದಿಂದ ಮಲಗುವವರು. ಅವರ ಮೇಲೆ ನನಗೆ ಆ ಹೊತ್ತಿನಲ್ಲಿ ಬಂದ ಸಿಟ್ಟು ಹೇಳತೀರದು. ರೊಟ್ಟಿ ಗಂಟು ಬಿಚ್ಚದೆಯೇ ತಿರುಗಿ ಬಸ್ಸು ಹತ್ತಿದೆವು.

ಹೊರಗೆ ಕರಿಮಣ್ಣಿನ ಎರೆ ಹೊಲಗಳು ಬಿಸಿಲಿಗೆ ಬಾಯಿ ಬಿಟ್ಟುಕೊಂಡಿದ್ದವು. ಕಾಕಾ ಕಿಟಕಿಯತ್ತ ಮುಖ ಮಾಡಿ ಕೂತಿದ್ದ, ಏನು ಕಾಣುತ್ತಿತ್ತೋ.

"ಕಾಚ ಅಂದ್ರ ಗಾಜ ಅಲ್ಲೇನಲೇ?" ಎಂದ.

"ಹೌದ ಕಾಕಾ."

"ಎಷ್ಟ ಅಧ್ಯಾಯ ಉಳದಾವಲೇ?"

ಅವನು ಕೇಳುತ್ತಿರುವುದು ಪುಸ್ತಕದ ವಿಷಯ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ನು ಸ್ವಲ್ಪವೇ ಇದೆ ಎಂದೆ. "ಮುಗಿಸಿಬಿಡೂಣು. ನಡುವ ಬಿಡಬಾರದು" ಎಂದ.

ಮುಗಿಸಿದೆವು. ಡಾಕ್ಟರು ಕೊಟ್ಟ ಹನಿ ಹಾಕಿಕೊಂಡು ಅವನು ಕೂರುತ್ತಿದ್ದ. ಉಳಿದ ಬೆಳಕೂ ಮಳೆಗಾಲದ ಹೊತ್ತಿಗೆ ಹೋಯಿತು. ಆ ಕೊನೆಯ ಅಧ್ಯಾಯಗಳಲ್ಲಿ ಚಿತ್ರಗಳು ಜಾಸ್ತಿ. "ಚಿತ್ರದಲ್ಲಿ ತೋರಿಸಿರುವಂತೆ" ಎಂದು ಬಂದಾಗಲೆಲ್ಲ ನಾನು ಓದುವುದನ್ನು ನಿಲ್ಲಿಸಿ, ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವನ ಬೆರಳು ಹಿಡಿದು ಚಾಪೆಯ ಮೇಲೆ ಎಳೆದು ತೋರಿಸುತ್ತಿದ್ದೆ. ಬರೆದವನನ್ನು ಬೈಯಲು ಕಲಿತದ್ದು ಆಗಲೇ. ಕೊನೆಯ ಪುಟ ಮುಗಿದ ದಿನ ಚಿಗವ್ವ ಕರ್ಪೂರ ಹಚ್ಚಿದಳು. ತಟ್ಟೆ ಎಲ್ಲಿದೆ ಎಂದು ತಿಳಿಯದೆ ಕಾಕಾನ ಕೈ ಗಾಳಿಯಲ್ಲಿ ಹುಡುಕಿತು. ಅವಳೇ ಆ ಕೈ ಹಿಡಿದು ಆರತಿಯ ಮೇಲೆ ತಂದಳು.

ಹಂಗಾಮಿಗೆ ಕಂಪ್ಯೂಟರ್ ಬಂತು. ಅಂಡಿಗೆ ಕೋಣೆ ಬೇಕಾಗಲಿಲ್ಲ, ಒಂದು ಮೇಜು ಸಾಕಾಯಿತು. ಕೆಲಸ ಬಿಟ್ಟಿದ್ದ ಕಾಕಾನ ಕುರ್ಚಿಯಲ್ಲೇ ನನ್ನನ್ನು ಕೂರಿಸಿದರು. "ಒಮ್ಮೆ ಬರತೇನಿ" ಎಂದು ಕಾಕಾ ಹೇಳಿ ಕಳಿಸಿದಾಗ ಸಾವಕಾರರು ಬೇಡವೆನ್ನಲಿಲ್ಲ. ಒಂದು ಮಧ್ಯಾಹ್ನ ಚಿಗವ್ವ ಅವನ ರಟ್ಟೆ ಹಿಡಿದು ಕರೆತಂದಳು. ಮೇಜಿನ ಎದುರು ಕೂರಿಸಿದ ಮೇಲೆ ಅವಳು ಸೆರಗಿನ ಗಂಟು ಬಿಚ್ಚಿದಳು. ಕಡ್ಡಿಪೆಟ್ಟಿಗೆಯ ಸದ್ದು ಕಾಕಾನಿಗೆ ಕೇಳಿಸಿತು.

"ಕಡ್ಡಿ ಕೊರೀಬ್ಯಾಡಬೇ. ಸುತ್ತ ಹತ್ತಿ ಐತಿ" ಎಂದ. ಜಿನ್ನಿನೊಳಗೆ ಬೆಂಕಿ ತರುವಂತಿಲ್ಲ ಎಂಬುದು ಅವನಿಗೆ ಇನ್ನೂ ನೆನಪಿತ್ತು. ಅವಳು ಕರ್ಪೂರವನ್ನು ಹಾಗೆಯೇ ತಿರುಗಿ ಕಟ್ಟಿಕೊಂಡಳು.

"ಆ ಖಾಲಿ ಸುತ್ತ ಹಾಕಲೇ. ಅಂಕಿ ದೊಡ್ಡದಿರ್ಲಿ."

ಟೈಪ್ ಮಾಡಿ ಪರದೆ ಖಾಲಿ ಮಾಡಿದೆ. ಓಡಿಸಿದೆ. ಪರದೆಯ ಮೇಲೆ ಏನೂ ಇರಲಿಲ್ಲ, ಕಪ್ಪು ಗಾಜು ಮಾತ್ರ. ಪಕ್ಕದ ಕಟ್ಟಡದಲ್ಲಿ ಜಿನ್ನಿನ ಗಾಲಿಗಳು ತಿರುಗುತ್ತಿದ್ದವು. ಕಾಕಾ ಕೈ ಚಾಚಿ ಹುಡುಕಿ, ಎರಡೂ ಅಂಗೈಗಳನ್ನು ಆ ಗಾಜಿನ ಮೇಲಿಟ್ಟ.

"ಬೆಚ್ಚಗೈತಿ" ಎಂದ. ಆಮೇಲೆ, "ಕಾಯಾಕತ್ತೇತೇನು?" ಎಂದ.

"ಕಾಯಾಕತ್ತೇತಿ ಕಾಕಾ."

ಮೂವರೂ ಅದರ ಜೊತೆಗೆ ಕಾದೆವು. ಎಣಿಕೆ ಮುಗಿದು, ಮುಂದೇನು ಎಂದು ಕೇಳುವ ಗುರುತು ಮಿನುಗಿದ್ದು ಅವನ ಬೆರಳ ಸಂದಿಯಿಂದ ನನಗೆ ಕಾಣಿಸಿತು.

"ಮುಗೀತು" ಎಂದೆ.

"ಏನ ಬಂತಲೇ?"

"ಏನೂ ಬರಲಿಲ್ಲ ಕಾಕಾ."

"ಹಂಗಾರ ಬರೋಬ್ಬರಿ ಐತಿ" ಎಂದು ಕಾಕಾ ಗಾಜಿನ ಮೇಲಿಂದ ಎರಡೂ ಅಂಗೈ ತೆಗೆದು, ಆರತಿ ತೆಗೆದುಕೊಂಡಂತೆ, ಕಣ್ಣಿಗೆ ಒತ್ತಿಕೊಂಡ.